ನೂರು ಆಸನವೂ ಇಲ್ಲದ ರಂಗಮಂದಿರದಲ್ಲಿ ಉಳಿದ ನಾಟಕ: ಯೂಜೀನ್ ಇಯೊನೆಸ್ಕೊ ಅವರ ಬದುಕು

ಪ್ಯಾರಿಸ್ ನಗರದಲ್ಲಿ, ಸೇನ್ ನದಿಯ ಎಡದಂಡೆಗೆ ತಾಗಿದ ಹಳೆಯ ವಿದ್ಯಾಕೇಂದ್ರದ ಬಡಾವಣೆಯೊಳಗೆ ಯುಶೆಟ್ ಎಂಬ ಇಕ್ಕಟ್ಟಾದ ಬೀದಿಯೊಂದಿದೆ. ಹೋಟೆಲುಗಳ ಸಾಲಿನ ನಡುವೆ ಅಲ್ಲಿ ಅದೇ ಹೆಸರಿನ ಒಂದು ಪುಟ್ಟ ರಂಗಮಂದಿರವಿದೆ. ಅದರಲ್ಲಿ ನೂರು ಮಂದಿಗೂ ಆಸನವಿಲ್ಲ. ನಮ್ಮ ಯಾವುದೇ ಶಾಲೆಯ ಸಭಾಂಗಣ ಅದಕ್ಕಿಂತ ದೊಡ್ಡದು. ಆ ಮಂದಿರದಲ್ಲಿ 1957ರ ಫೆಬ್ರವರಿ 16ರಂದು ಎರಡು ಕಿರುನಾಟಕಗಳು ಒಟ್ಟಿಗೆ ಆರಂಭವಾದವು. ಕೊರೊನಾ ಕಾಲದಲ್ಲಿ ಊರಿನ ಎಲ್ಲ ರಂಗಮಂದಿರಗಳಂತೆ ಬಾಗಿಲು ಹಾಕಬೇಕಾಗಿ ಬಂದದ್ದನ್ನು ಬಿಟ್ಟರೆ, ಅವೇ ಎರಡು ನಾಟಕಗಳು ಅಲ್ಲಿ ಇಂದಿಗೂ ನಡೆಯುತ್ತಿವೆ. ಪ್ರದರ್ಶನಗಳ ಸಂಖ್ಯೆ 18,000ವನ್ನು ದಾಟಿ ವರ್ಷಗಳೇ ಸಂದಿವೆ.

1956ರ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿದ ಮೂರೂವರೆ ತಿಂಗಳಿಗೆ ಆ ಪ್ರದರ್ಶನಗಳು ಆರಂಭವಾದವು ಎಂದರೆ ಅವುಗಳ ಆಯುಷ್ಯ ನಮಗೆ ಸುಲಭವಾಗಿ ಮನದಟ್ಟಾದೀತು. ಅವುಗಳನ್ನು ಬರೆದವರು ಯೂಜೀನ್ ಇಯೊನೆಸ್ಕೊ. ಎರಡು ದೇಶ, ಎರಡು ಭಾಷೆಗಳ ನಡುವೆ ಬೆಳೆದು, ಕೆಲಕಾಲ ಶಾಲಾ ಅಧ್ಯಾಪಕರಾಗಿದ್ದು, ನಲವತ್ತರ ವಯಸ್ಸಿನಲ್ಲಿ ಭಾಷಾ ಕಲಿಕೆಯ ಪುಸ್ತಕವೊಂದನ್ನು ಓದುತ್ತ ಓದುತ್ತ ನಾಟಕಕಾರರಾದವರು ಅವರು. ಮನೆಯಲ್ಲೊಂದು, ಶಾಲೆಯಲ್ಲೊಂದು, ಪೇಟೆಯಲ್ಲಿ ಮತ್ತೊಂದು ನುಡಿಯನ್ನು ಆಡುತ್ತ ಬೆಳೆಯುವ ಗಡಿನಾಡಿನ ಮಕ್ಕಳಿಗೂ ಅವರ ಹೆತ್ತವರಿಗೂ ಈ ಜೀವನಕಥೆ ಪರಕೀಯವೆನಿಸಲಾರದು.

ತಾಯಿಯ ನುಡಿ, ತಂದೆಯ ನುಡಿ

ಇಯೊನೆಸ್ಕೊ ಅವರು 1909ರ ನವೆಂಬರ್ 26ರಂದು ರೊಮೇನಿಯಾ ದೇಶದ ಸ್ಲಾಟಿನಾ ಎಂಬ ಊರಿನಲ್ಲಿ ಜನಿಸಿದರು. ಮುಂದೆ ಪ್ರಸಿದ್ಧರಾದ ಮೇಲೆ ತಾವು ಹುಟ್ಟಿದ್ದು 1912ರಲ್ಲಿ ಎಂದು ಅವರೇ ಹೇಳಿಕೊಂಡದ್ದರಿಂದ ಹಲವು ಹಳೆಯ ಪುಸ್ತಕಗಳಲ್ಲಿ ಆ ತಪ್ಪು ವರ್ಷವೇ ಉಳಿದುಕೊಂಡಿದೆ. ತಂದೆ ರೊಮೇನಿಯಾದವರು, ಕಾನೂನು ಓದಿದವರು. ತಾಯಿ ಮಾರಿ ತೆರೇಜ್ ಫ್ರೆಂಚ್ ಮೂಲದವರು. ಮಗು ಎರಡರ ಪ್ರಾಯದಲ್ಲಿರುವಾಗಲೇ ತಂದೆಯ ಉನ್ನತ ವ್ಯಾಸಂಗಕ್ಕಾಗಿ ಕುಟುಂಬ ಪ್ಯಾರಿಸ್‌ಗೆ ಬಂದಿತು. ಹೀಗಾಗಿ ಹುಡುಗನಿಗೆ ಮೊದಲು ಒಲಿದ ನುಡಿ ಫ್ರೆಂಚ್.

1916ರಲ್ಲಿ ರೊಮೇನಿಯಾ ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ ತಂದೆ ಸ್ವದೇಶಕ್ಕೆ ಮರಳಿದರು. ಬಳಿಕ ಅವರಿಂದ ಸುದ್ದಿಯೇ ಬರಲಿಲ್ಲ. ಯುದ್ಧದಲ್ಲಿ ತೀರಿಕೊಂಡಿರಬೇಕೆಂದು ಇತ್ತ ಮನೆಯವರು ನಂಬಿದರು. ಅವರಾದರೋ ಬುಖಾರೆಸ್ಟ್ ನಗರದಲ್ಲಿ ವಿಚ್ಛೇದನ ಪಡೆದು ಬೇರೆ ಮದುವೆಯಾಗಿದ್ದರು. ತಾಯಿ ಪ್ಯಾರಿಸ್‌ನಲ್ಲಿ ದುಡಿದು ಮಗನನ್ನೂ ಮಗಳು ಮರಿಲಿನಾಳನ್ನೂ ಸಾಕಿದರು. ಕಷ್ಟದ ಆ ದಿನಗಳಲ್ಲಿ ಹುಡುಗನನ್ನು ಸುಮಾರು ಎರಡು ವರ್ಷ ಲಾ ಶಾಪೆಲ್ ಆಂತನೇಜ್ ಎಂಬ ಹಳ್ಳಿಯ ರೈತ ಕುಟುಂಬವೊಂದರಲ್ಲಿ ಬಿಡಲಾಗಿತ್ತು. ಇಳಿವಯಸ್ಸಿನವರೆಗೂ ಆ ಹಳ್ಳಿಯನ್ನು ಅವರು ತಮ್ಮ ಬದುಕಿನ ಒಂದೇ ಒಂದು ಸ್ವರ್ಗವೆಂಬಂತೆ ನೆನೆಯುತ್ತಿದ್ದರು.

ರಂಗಭೂಮಿಯ ಮೊದಲ ಮೋಹವೂ ಬಾಲ್ಯದ್ದೇ. ಪ್ಯಾರಿಸ್‌ನ ಲಕ್ಸಂಬರ್ಗ್ ಉದ್ಯಾನದಲ್ಲಿ ಮಕ್ಕಳಿಗಾಗಿ ಕೈಗೊಂಬೆಯಾಟ ನಡೆಯುತ್ತಿತ್ತು. ತಾಯಿ ಕರೆದುಕೊಂಡು ಹೋದಾಗ ಇತರ ಮಕ್ಕಳು ನಗುತ್ತಿದ್ದರೆ, ಈ ಬಾಲಕ ನಗದೆ, ಕಣ್ಣು ಕೀಳದೆ, ಹೊತ್ತು ಹೋದದ್ದರ ಅರಿವಿಲ್ಲದೆ ನೋಡುತ್ತಿದ್ದ. ಗೊಂಬೆಗಳು ಮಾತನಾಡುತ್ತವೆ, ಕುಣಿಯುತ್ತವೆ, ಒಂದನ್ನೊಂದು ಹೊಡೆಯುತ್ತವೆ ಎಂಬ ಆಶ್ಚರ್ಯ ಅವನನ್ನು ಹಿಡಿದು ನಿಲ್ಲಿಸುತ್ತಿತ್ತು. ಮಾತನಾಡುವ ಗೊಂಬೆಗಳೇ ಮುಂದೆ ಮನುಷ್ಯರ ಹೆಸರಿಟ್ಟುಕೊಂಡು ಅವರ ನಾಟಕಗಳಲ್ಲಿ ಕಾಣಿಸಿಕೊಂಡವು.

1922ರಲ್ಲಿ ತಂದೆಯ ಕಡೆಗೆ ಮಕ್ಕಳ ಹಕ್ಕು ಹೋಗಿ, ಹನ್ನೆರಡು ತುಂಬಿದ ಹುಡುಗ ಬುಖಾರೆಸ್ಟ್‌ಗೆ ಬಂದ. ಅಲ್ಲಿ ರೊಮೇನಿಯನ್ ಭಾಷೆಯನ್ನು ಮೊದಲಿನಿಂದ ಕಲಿಯಬೇಕಾಯಿತು. ಫ್ರಾನ್ಸಿನ ಶಾಲೆಯಲ್ಲಿ ಫ್ರೆಂಚರೇ ಜಗತ್ತಿನ ಅತ್ಯಂತ ಶೂರ ಜನ, ಫ್ರೆಂಚೇ ಅತ್ಯಂತ ಸುಂದರ ಭಾಷೆ ಎಂದು ಅವನು ಕಲಿತಿದ್ದ. ಬುಖಾರೆಸ್ಟ್ ಶಾಲೆಯ ಪಾಠದಲ್ಲಿ ಆ ಎಲ್ಲ ಹಿರಿಮೆಯೂ ರೊಮೇನಿಯಾದವರ ಪಾಲಿಗೆ ಬಂದಿತ್ತು. ಗಡಿ ದಾಟಿದ ಮಗುವಿಗೆ ಮಾತ್ರ ಹೊಳೆಯುವ ಈ ವಿಚಿತ್ರವನ್ನು ಅವರು ಎಂದೂ ಮರೆಯಲಿಲ್ಲ. ವಾಕ್ಯರಚನೆ ಅದೇ, ಹೆಸರು ಮಾತ್ರ ಬೇರೆ. ಎರಡನ್ನೂ ಎರಡು ದೇಶಗಳ ಮಕ್ಕಳು ಒಂದೇ ರಾಗದಲ್ಲಿ ಒಪ್ಪಿಸುತ್ತಾರೆ. ತಾಯ್ನುಡಿಯ ಮೇಲಿನ ಪ್ರೀತಿಗೂ ಒಪ್ಪಿಸುವ ಹೆಮ್ಮೆಗೂ ನಡುವಿನ ಅಂತರವನ್ನು ಆ ಹುಡುಗ ಅಷ್ಟು ಚಿಕ್ಕ ವಯಸ್ಸಿನಲ್ಲಿ ಕಂಡುಕೊಂಡ.

ಅಧ್ಯಾಪಕ, ವಿಮರ್ಶಕ, ವಲಸಿಗ

ಮಗ ಎಂಜಿನಿಯರ್ ಆಗಬೇಕೆಂಬುದು ತಂದೆಯ ಹಟ. ಮಗನಿಗೆ ಸಾಹಿತ್ಯದ ಗೀಳು. ಜಗಳ ಬೆಳೆದು ಹದಿಹರೆಯದಲ್ಲೇ ಅವರು ತಂದೆಯ ಮನೆಯನ್ನು ತೊರೆದರು. ಬುಖಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಸಾಹಿತ್ಯವನ್ನು ಓದಿ, ಪ್ರೌಢಶಾಲೆಗಳಲ್ಲಿ ಫ್ರೆಂಚ್ ಅಧ್ಯಾಪಕರಾದರು. 1931ರಲ್ಲಿ ರೊಮೇನಿಯನ್ ಭಾಷೆಯಲ್ಲಿ ಒಂದು ಸಣ್ಣ ಕವನ ಸಂಕಲನ ಹೊರಬಂದಿತು. 1934ರಲ್ಲಿ ಬಂದ ‘ನು’ ಎಂಬ ವಿಮರ್ಶಾ ಗ್ರಂಥ ಗದ್ದಲವನ್ನೇ ಎಬ್ಬಿಸಿತು. ಆ ಹೆಸರಿಗೆ ಇಲ್ಲ, ಅಲ್ಲ ಎಂದು ಅರ್ಥ. ದೇಶದ ಮಾನ್ಯ ಕವಿಗಳನ್ನು ಅದರಲ್ಲಿ ಅವರು ತರಾಟೆಗೆ ತೆಗೆದುಕೊಂಡಿದ್ದರು. ಮಿರ್ಚಾ ಎಲಿಯಾಡೆ ಅವರ, ಕಲ್ಕತ್ತೆಯಲ್ಲಿ ನಡೆಯುವ ‘ಮೈತ್ರೇಯಿ’ ಕಾದಂಬರಿಯ ಬಗ್ಗೆ ಎರಡು ವಿಮರ್ಶೆಗಳನ್ನು ಬರೆದು, ಒಂದರಲ್ಲಿ ಹೊಗಳಿ ಇನ್ನೊಂದರಲ್ಲಿ ತೆಗಳಿದ್ದರು. ಒಂದೇ ಕೃತಿಯನ್ನು ಅಷ್ಟೇ ಸಲೀಸಾಗಿ ಎರಡು ಬಗೆಯಲ್ಲೂ ಸಾಧಿಸಿ ತೋರಿಸಬಹುದಾದರೆ ವಿಮರ್ಶೆಯ ಮಾತಿಗೆ ಬೆಲೆಯೇನು ಎಂಬುದು ಅವರ ಪ್ರಶ್ನೆಯಾಗಿತ್ತು.

1936ರಲ್ಲಿ ರೋಡಿಕಾ ಬುರಿಲಿಯಾನು ಅವರೊಡನೆ ವಿವಾಹವಾಯಿತು. ಅದೇ ವರ್ಷ ತಾಯಿ ತೀರಿಕೊಂಡರು. ಆ ಹೊತ್ತಿಗೆ ರೊಮೇನಿಯಾದಲ್ಲಿ ‘ಐರನ್ ಗಾರ್ಡ್’ ಎಂಬ ಉಗ್ರ ಸಂಘಟನೆ ಬಲಗೊಳ್ಳುತ್ತಿತ್ತು. ನಿನ್ನೆಯವರೆಗೆ ಜೊತೆಯಲ್ಲಿ ಕುಳಿತು ಪುಸ್ತಕಗಳ ಬಗ್ಗೆ ಹರಟುತ್ತಿದ್ದ ಗೆಳೆಯರು ಒಬ್ಬೊಬ್ಬರಾಗಿ ಅದೇ ಘೋಷಣೆಗಳನ್ನು, ಅದೇ ಪದಗಳಲ್ಲಿ ಹೇಳತೊಡಗಿದ್ದನ್ನು ಅವರು ಭಯದಿಂದ ನೋಡಿದರು. 1938ರಲ್ಲಿ ಸಂಶೋಧನಾ ವೇತನ ದೊರೆತು ಪ್ಯಾರಿಸ್‌ಗೆ ಹೋದರು. ಆ ಪ್ರಬಂಧ ಪೂರ್ಣಗೊಳ್ಳಲೇ ಇಲ್ಲ. ಯುದ್ಧದ ನಡುವೆ ರೊಮೇನಿಯಾಕ್ಕೆ ಮರಳಿ, ಅಲ್ಲಿ ಉಳಿಯಲಾರದೆ 1942ರಲ್ಲಿ ಮತ್ತೆ ಫ್ರಾನ್ಸಿಗೆ ಬಂದರು. ಹಾಗೆ ಬಂದದ್ದು ವಿಶಿಯಲ್ಲಿದ್ದ ರೊಮೇನಿಯಾ ದೂತಾವಾಸದ ನೌಕರಿಯ ಮೇಲೆ. ಹಿಟ್ಲರನ ಮಿತ್ರಪಕ್ಷದಲ್ಲಿದ್ದ ಸರಕಾರದ ಆ ಉದ್ಯೋಗವನ್ನು ಅವರ ಜೀವನಚರಿತ್ರೆಯಿಂದ ಮರೆಮಾಡಲಾಗದು.

1944ರಲ್ಲಿ ಮಗಳು ಹುಟ್ಟಿದಳು. ಯುದ್ಧ ಮುಗಿದ ಮೇಲೆ ಪ್ಯಾರಿಸ್‌ನಲ್ಲಿ ಬಡತನದ ಸಂಸಾರ. ಕಾನೂನು ಪುಸ್ತಕಗಳ ಪ್ರಕಾಶನ ಸಂಸ್ಥೆಯೊಂದರಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತಿದ್ದರು. ಇನ್ನೊಬ್ಬರ ವಾಕ್ಯಗಳಲ್ಲಿ ಅಕ್ಷರದೋಷ ಹುಡುಕುವ ಆ ಕೆಲಸದಲ್ಲಿ, ಹೆಸರಿಲ್ಲದ ಒಬ್ಬ ವಲಸಿಗನಾಗಿ ಅವರು ನಲವತ್ತನ್ನು ಮುಟ್ಟಿದರು.

ಇಂಗ್ಲಿಷ್ ಕಲಿಯಲು ಹೋಗಿ ನಾಟಕ ಬರೆದದ್ದು

1948ರಲ್ಲಿ ಅವರಿಗೆ ಇಂಗ್ಲಿಷ್ ಕಲಿಯಬೇಕೆನಿಸಿತು. ಅಸಿಮಿಲ್ ಎಂಬ ಪ್ರಕಾಶನದ ಸ್ವಯಂಬೋಧಿನಿಯೊಂದನ್ನು ತಂದು, ಅದರ ವಾಕ್ಯಗಳನ್ನು ಬಾಯಿಪಾಠ ಮಾಡಲೆಂದು ಕಾಪಿ ಬರೆಯತೊಡಗಿದರು. ಬರೆಯುತ್ತ ಹೋದಂತೆ ಇಂಗ್ಲಿಷ್ ಬರಲಿಲ್ಲ. ಆದರೆ ಬೇರೆ ಕೆಲವು ಸತ್ಯಗಳು ತಿಳಿದುಬಂದವು. ವಾರಕ್ಕೆ ಏಳು ದಿನಗಳು. ನೆಲ ಕೆಳಗಿದೆ, ಮಾಡು ಮೇಲಿದೆ. ಇವು ಅವರಿಗೆ ಮೊದಲೇ ಗೊತ್ತಿದ್ದವು, ಆದರೆ ಹೀಗೆ ಗಂಭೀರವಾಗಿ ಯಾರೂ ಹೇಳಿರಲಿಲ್ಲ. ಪುಸ್ತಕದಲ್ಲಿ ಮುಂದೆ ಸ್ಮಿತ್ ದಂಪತಿಗಳು ಬಂದರು. ಶ್ರೀಮತಿ ಸ್ಮಿತ್ ತಮ್ಮ ಪತಿಗೆ ತಮಗೆ ಎಷ್ಟು ಮಕ್ಕಳು, ತಾವು ಯಾವ ಊರಿನಲ್ಲಿದ್ದೇವೆ, ಪತಿಯ ಉದ್ಯೋಗವೇನು ಎಂಬುದನ್ನೆಲ್ಲ ವಿವರಿಸುತ್ತಿದ್ದರು. ಪತಿಗೆ ಇದೆಲ್ಲ ಗೊತ್ತಿರಬೇಕಲ್ಲ ಎಂದು ಓದುಗನಿಗೆ ಅನಿಸಿದರೂ ಪಾಠ ಮುಂದುವರಿಯುತ್ತಿತ್ತು.

ಆ ಪಾಠದಿಂದಲೇ ‘ಬೋಳುತಲೆಯ ಗಾಯಕಿ’ ಎಂಬ ನಾಟಕ ಹುಟ್ಟಿತು. ಇದೇ ವಸ್ತುವಿನ ಒಂದು ಮೊದಲ ರೂಪವನ್ನು ಅವರು ರೊಮೇನಿಯನ್ ಭಾಷೆಯಲ್ಲೂ ಬರೆದಿದ್ದರು. ನಾಟಕದಲ್ಲಿ ಇರುವವರು ಆರೇ ಮಂದಿ: ಸ್ಮಿತ್ ದಂಪತಿಗಳು, ಅವರ ಮನೆಗೆ ಬರುವ ಮಾರ್ಟಿನ್ ದಂಪತಿಗಳು, ಮನೆಕೆಲಸದ ಮೇರಿ ಮತ್ತು ಬೆಂಕಿ ಎಲ್ಲಿಯಾದರೂ ಬಿದ್ದಿದೆಯೇ ಎಂದು ವಿಚಾರಿಸಿಕೊಂಡು ಬರುವ ಅಗ್ನಿಶಾಮಕ ದಳದ ಅಧಿಕಾರಿ. ಗೋಡೆ ಗಡಿಯಾರ ಹದಿನೇಳು ಬಾರಿಸುತ್ತದೆ. ಬಾಬಿ ವಾಟ್ಸನ್ ಎಂಬವರ ಸಾವಿನ ಸುದ್ದಿ ಬರುತ್ತದೆ. ವಿಚಾರಿಸಿದರೆ ಆ ಕುಟುಂಬದ ಗಂಡು, ಹೆಣ್ಣು, ಮಕ್ಕಳು, ನೆಂಟರು ಎಲ್ಲರ ಹೆಸರೂ ಬಾಬಿ ವಾಟ್ಸನ್ನೇ. ಮಾರ್ಟಿನ್ ದಂಪತಿಗಳು ಅಪರಿಚಿತರಂತೆ ಮಾತು ಆರಂಭಿಸಿ, ಒಂದೇ ರೈಲು, ಒಂದೇ ಬೀದಿ, ಒಂದೇ ಮನೆ ಎಂದು ಹೆಜ್ಜೆಹೆಜ್ಜೆಯಾಗಿ ತರ್ಕಿಸಿ ತಾವು ಗಂಡ ಹೆಂಡತಿ ಎಂಬ ತೀರ್ಮಾನಕ್ಕೆ ಬರುತ್ತಾರೆ. ಅವರು ನಿಜವಾಗಿ ಗಂಡ ಹೆಂಡತಿಯಲ್ಲವೆಂದು ಮೇರಿ ಬಂದು ಪ್ರೇಕ್ಷಕರಿಗೆ ಅಷ್ಟೇ ತರ್ಕಬದ್ಧವಾಗಿ ಸಾಧಿಸಿ ತೋರಿಸುತ್ತಾಳೆ. ಕೊನೆಗೆ ವಾಕ್ಯಗಳು ಒಡೆದು ಪದಗಳಾಗಿ, ಪದಗಳು ಒಡೆದು ಬರಿಯ ಸ್ವರ ವ್ಯಂಜನಗಳಾಗಿ, ಎಲ್ಲರೂ ಒಬ್ಬರ ಮೇಲೊಬ್ಬರು ಅವನ್ನು ಕಲ್ಲಿನಂತೆ ಎಸೆಯುತ್ತಾರೆ.

ಗೆಳೆಯರ ಮುಂದೆ ಓದಿದಾಗ ಅವರೆಲ್ಲ ನಕ್ಕದ್ದನ್ನು ಕಂಡು ಇಯೊನೆಸ್ಕೊ ಅವರಿಗೆ ಅಚ್ಚರಿಯಾಯಿತು. ಭಾಷೆಯ ದುರಂತವನ್ನು ಬರೆದಿದ್ದೇನೆಂದು ಅವರು ಭಾವಿಸಿದ್ದರು.

ಒಂದು ಪುಟ್ಟ ತಂಡದ ಸಾಹಸ

ಹಸ್ತಪ್ರತಿಯನ್ನು ರಂಗಕ್ಕೆ ಮುಟ್ಟಿಸಿದವರು ಮೋನಿಕಾ ಲೋವಿನೆಸ್ಕು. ಅವರೂ ರೊಮೇನಿಯಾದಿಂದ ಬಂದ ವಲಸಿಗರು. ನಿಕೊಲಾ ಬತಾಯ್ ಎಂಬ ತರುಣ ನಿರ್ದೇಶಕರ ತಂಡಕ್ಕೆ ಅವರು ಅದನ್ನು ಕೊಟ್ಟರು. ತಂಡದಲ್ಲಿ ಉತ್ಸಾಹವಿತ್ತು, ಹಣವಿರಲಿಲ್ಲ. ಉಡುಪುಗಳನ್ನು ಚಲನಚಿತ್ರವೊಂದರಿಂದ ಎರವಲು ತಂದರು.

ಅಭ್ಯಾಸದಲ್ಲಿ ಮೊದಲು ತೊಡಕಾದದ್ದು ನಗಿಸುವ ಪ್ರಯತ್ನದಿಂದ. ನಟರು ಮುಖ ಸೊಟ್ಟ ಮಾಡಿ, ಧ್ವನಿ ಏರಿಳಿಸಿ ಆಡಿದಾಗ ನಾಟಕ ಸಪ್ಪೆಯಾಯಿತು. ಬಳಿಕ, ಗಂಭೀರವಾದ ಕೌಟುಂಬಿಕ ನಾಟಕವೊಂದನ್ನು ಆಡುವಂತೆ, ಪ್ರತಿಯೊಂದು ಅಸಂಬದ್ಧ ಮಾತನ್ನೂ ನಂಬಿ ಆಡಿದಾಗ ಅದಕ್ಕೆ ಜೀವ ಬಂದಿತು. ಹಾಸ್ಯ ಪ್ರಹಸನ ಆಡಿಸುವ ಯಾವ ಶಾಲಾ ಶಿಕ್ಷಕರಿಗೂ ಇದಕ್ಕಿಂತ ಉಪಯುಕ್ತವಾದ ಪಾಠ ಮತ್ತೊಂದಿಲ್ಲ. ಮಗು ತಾನೇ ನಕ್ಕುಬಿಟ್ಟರೆ ಸಭೆಗೆ ನಗು ಬಾರದು.

ನಾಟಕದ ಹೆಸರು ಸಿಕ್ಕಿದ್ದೂ ಅಭ್ಯಾಸದಲ್ಲೇ. ಸ್ವಯಂಬೋಧಿನಿಯನ್ನು ನೆನಪಿಸುವ ಬೇರೆ ಹೆಸರುಗಳನ್ನು ಅದುವರೆಗೆ ಯೋಚಿಸಲಾಗಿತ್ತು. ಅಧಿಕಾರಿಯ ಪಾತ್ರಧಾರಿ ತನ್ನ ಉದ್ದನೆಯ ಕಥೆಯಲ್ಲಿ ಹೊಂಬಣ್ಣದ ಕೂದಲಿನ ಶಾಲಾ ಶಿಕ್ಷಕಿ ಎನ್ನಬೇಕಾದಲ್ಲಿ ಬಾಯಿತಪ್ಪಿ ಬೋಳುತಲೆಯ ಗಾಯಕಿ ಎಂದುಬಿಟ್ಟರು. ಅಲ್ಲೇ ಇದ್ದ ಇಯೊನೆಸ್ಕೊ ಅವರು ಅದೇ ಹೆಸರೆಂದು ನಿರ್ಧರಿಸಿದರು. ಅಂಥ ಗಾಯಕಿ ನಾಟಕದಲ್ಲಿ ಎಲ್ಲಿಯೂ ಬರುವುದಿಲ್ಲ. ಮುಕ್ತಾಯಕ್ಕೆ ಮೊದಲು ಯೋಚಿಸಿದ್ದ ದೃಶ್ಯಕ್ಕೆ ಇನ್ನಷ್ಟು ನಟರು ಬೇಕಾಗಿದ್ದುದರಿಂದ ಅದನ್ನು ಕೈಬಿಟ್ಟು, ನಾಟಕ ಮತ್ತೆ ಮೊದಲಿನಿಂದ ಆರಂಭವಾಗುವಂತೆ ಮಾಡಲಾಯಿತು. ಪ್ರದರ್ಶನಗಳು ಮುಂದುವರಿದಂತೆ, ಸ್ಮಿತ್ ದಂಪತಿಗಳ ಮಾತುಗಳನ್ನೇ ಮಾರ್ಟಿನ್ ದಂಪತಿಗಳು ಆಡತೊಡಗುವ ಕ್ರಮ ಬಂದಿತು. ಯಾರು ಆಡಿದರೂ ವ್ಯತ್ಯಾಸವಾಗದ ಮಾತುಗಳು ಅವು.

1950ರ ಮೇ 11ರಂದು ನೊಕ್ತಾಂಬ್ಯೂಲ್ ಎಂಬ ಸಣ್ಣ ರಂಗಮಂದಿರದಲ್ಲಿ ಮೊದಲ ಪ್ರದರ್ಶನವಾಯಿತು. ಜನ ಬರಲಿಲ್ಲ. ನಟರೇ ಎದೆಗೂ ಬೆನ್ನಿಗೂ ಜಾಹೀರಾತಿನ ಹಲಗೆ ಕಟ್ಟಿಕೊಂಡು ಬೀದಿಯಲ್ಲಿ ನಡೆದರು. ಕೆಲವು ಸಂಜೆ ಬೆರಳೆಣಿಕೆಯ ಪ್ರೇಕ್ಷಕರು. ಪ್ರದರ್ಶನ ನಿಲ್ಲಿಸಿ ಟಿಕೆಟ್ಟಿನ ಹಣ ಮರಳಿಸಿದ್ದೂ ಉಂಟು. ಪತ್ರಿಕೆಗಳ ವಿಮರ್ಶಕರಲ್ಲಿ ಹೆಚ್ಚಿನವರು ಮೂದಲಿಸಿದರು. ರೇಮೊ ಕೆನೊ ಅವರಂಥ ಕೆಲವು ಲೇಖಕರು ಮಾತ್ರ ಬೆಂಬಲಕ್ಕೆ ನಿಂತರು. ಸುಮಾರು 25 ಪ್ರದರ್ಶನಗಳ ಬಳಿಕ ನಾಟಕ ನಿಂತಿತು.

ಕೂಡಲು ಬರುವ, ಕಳೆಯಲು ಬಾರದ ವಿದ್ಯಾರ್ಥಿನಿ

ಎರಡನೆಯ ನಾಟಕ ‘ಪಾಠ’ 1951ರ ಫೆಬ್ರವರಿ 20ರಂದು ಮಾರ್ಸೆಲ್ ಕ್ಯುವೆಲಿಯೆ ಅವರ ನಿರ್ದೇಶನದಲ್ಲಿ ರಂಗಕ್ಕೆ ಬಂದಿತು. ಅಧ್ಯಾಪಕರಾದ ನಾವೆಲ್ಲರೂ ಓದಬೇಕಾದ ನಾಟಕವಿದು. ಮನೆಪಾಠಕ್ಕೆ ಬಂದ ಹುಡುಗಿ ಮೊದಲು ಚುರುಕಾಗಿದ್ದಾಳೆ. ಮುದಿ ಪ್ರಾಧ್ಯಾಪಕರು ಸಂಕೋಚದಿಂದಿದ್ದಾರೆ. ಹುಡುಗಿಗೆ ಕೂಡಲು ಬರುತ್ತದೆ, ಕಳೆಯಲು ಎಷ್ಟು ಹೇಳಿಕೊಟ್ಟರೂ ಬಾರದು. ಆದರೆ ಬಹುದೊಡ್ಡ ಸಂಖ್ಯೆಗಳ ಗುಣಲಬ್ಧವನ್ನು ತಟ್ಟನೆ ಹೇಳಿಬಿಡುತ್ತಾಳೆ. ತನ್ನ ತರ್ಕದ ಮೇಲೆ ನಂಬಿಕೆಯಿಲ್ಲದ್ದರಿಂದ ಸಾಧ್ಯವಿರುವ ಎಲ್ಲ ಗುಣಾಕಾರಗಳ ಉತ್ತರಗಳನ್ನೂ ಬಾಯಿಪಾಠ ಮಾಡಿಟ್ಟಿದ್ದಾಳಂತೆ.

ಪಾಠ ಭಾಷಾಶಾಸ್ತ್ರಕ್ಕೆ ತಿರುಗಿದಾಗ ಪ್ರಾಧ್ಯಾಪಕರ ಧ್ವನಿ ಏರುತ್ತದೆ. ಎಲ್ಲ ಭಾಷೆಗಳಲ್ಲೂ ಒಂದೇ ಬಗೆಯಲ್ಲಿ ಕೇಳಿಸುವ ಪದಗಳ ನಡುವಿನ ಭೇದವನ್ನು ಅವರು ಗಂಟೆಗಟ್ಟಲೆ ವಿವರಿಸುತ್ತಾರೆ. ಹುಡುಗಿಗೆ ಹಲ್ಲುನೋವು ಆರಂಭವಾಗುತ್ತದೆ. ಅವಳು ಎಷ್ಟು ಹೇಳಿಕೊಂಡರೂ ಗುರುವಿಗೆ ಕೇಳಿಸದು. ಕೊನೆಗೆ ಚೂರಿ ಎಂಬ ಪದವನ್ನು ಕಲಿಸುತ್ತ ಕಲಿಸುತ್ತ ಅವಳನ್ನು ಕೊಂದೇಬಿಡುತ್ತಾರೆ. ಅಂದಿನ ದಿನಕ್ಕೆ ಅವಳು ನಲವತ್ತನೆಯವಳು. ಅಷ್ಟರಲ್ಲಿ ಮುಂದಿನ ವಿದ್ಯಾರ್ಥಿನಿ ಬಾಗಿಲ ಗಂಟೆ ಬಾರಿಸುತ್ತಾಳೆ. ಈ ಕೊಲೆ ನಿಜವಾದ ಕೊಲೆಯಲ್ಲವೆಂದು ಪ್ರೇಕ್ಷಕರಿಗೆ ಗೊತ್ತು. ಆದರೂ ತನ್ನ ಮಾತಿನ ಅಬ್ಬರದಲ್ಲಿ ಎದುರಿಗಿರುವ ಮಗುವಿನ ನೋವು ಕೇಳಿಸದಿರುವ ತರಗತಿಯನ್ನು ಅವರೆಲ್ಲರೂ ಎಂದಾದರೂ ಕಂಡವರೇ.

1952ರ ಏಪ್ರಿಲಿನಲ್ಲಿ ‘ಕುರ್ಚಿಗಳು’ ಬಂದಿತು. ದ್ವೀಪದ ಗೋಪುರವೊಂದರಲ್ಲಿ ವಾಸಿಸುವ ವೃದ್ಧ ದಂಪತಿಗಳು ಲೋಕಕ್ಕೆ ಹೇಳಬೇಕಾದ ಸಂದೇಶವೊಂದನ್ನು ಕೇಳಿಸಲು ಅತಿಥಿಗಳನ್ನು ಕರೆಯುತ್ತಾರೆ. ಕಣ್ಣಿಗೆ ಕಾಣದ ಅತಿಥಿಗಳಿಗಾಗಿ ರಂಗದ ತುಂಬ ಕುರ್ಚಿಗಳನ್ನು ಜೋಡಿಸುತ್ತಾರೆ. ಸಂದೇಶವನ್ನು ಸಾರಲು ಬಂದ ಭಾಷಣಕಾರನಿಗೆ ಮಾತೇ ಬಾರದು. ಆ ದಿನಗಳಲ್ಲಿ ರಂಗದ ಮೇಲಿನಂತೆ ಸಭಾಂಗಣದಲ್ಲೂ ಕುರ್ಚಿಗಳು ಖಾಲಿಯೇ ಇದ್ದವು.

ಒಂದು ತಿಂಗಳಿಗೆಂದು ಆರಂಭವಾದದ್ದು

1957ರಲ್ಲಿ ಯುಶೆಟ್ ಬೀದಿಯ ರಂಗಮಂದಿರದಲ್ಲಿ ‘ಬೋಳುತಲೆಯ ಗಾಯಕಿ’ ಮತ್ತು ‘ಪಾಠ’ಗಳನ್ನು ಮತ್ತೆ ಆಡಲು ನಿರ್ಧಾರವಾದಾಗ ಮುಂದೆ ಚಲನಚಿತ್ರ ನಿರ್ದೇಶಕರಾಗಿ ಹೆಸರಾದ ಲೂಯಿ ಮಾಲ್ ಅವರು ಹಣ ಒದಗಿಸಿದರು. ಒಂದು ತಿಂಗಳು ನಡೆದರೆ ಸಾಕೆಂಬುದು ಎಲ್ಲರ ಎಣಿಕೆಯಾಗಿತ್ತು. ಈ ಸಲ ಜನ ಬಂದರು. ಬತಾಯ್ ಮತ್ತು ಕ್ಯುವೆಲಿಯೆ ಅವರ ಮೂಲ ನಿರ್ದೇಶನ, ಝಾಕ್ ನೊಯೆಲ್ ಅವರ ರಂಗಸಜ್ಜಿಕೆ ಹಾಗೆಯೇ ಉಳಿದು, ನಟರ ತಲೆಮಾರುಗಳು ಬದಲಾದವು. ಒಂದೊಂದು ಪಾತ್ರಕ್ಕೂ ಹಲವು ನಟರು ಸಿದ್ಧರಿದ್ದು, ಸರದಿಯಂತೆ ಬಂದು ಆಡಿ ಹೋಗುತ್ತಾರೆ. ಮಂದಿರದ ವ್ಯವಸ್ಥಾಪಕರಾಗಿದ್ದ ಮಾರ್ಸೆಲ್ ಪಿನಾರ್ ಅವರು 1975ರಲ್ಲಿ ತೀರಿಕೊಂಡಾಗ ಬಾಗಿಲು ಮುಚ್ಚುವ ಅಪಾಯ ಎದುರಾಯಿತು. ಆಗ ನಟರೇ ಒಟ್ಟುಗೂಡಿ ಪಾಲುದಾರರ ಸಂಸ್ಥೆ ಕಟ್ಟಿ ಮಂದಿರವನ್ನು ಉಳಿಸಿಕೊಂಡರು.

ಇತ್ತ ನಾಟಕಕಾರರ ಕೀರ್ತಿ ಬೆಳೆಯಿತು. 1959ರಲ್ಲಿ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ‘ಘೇಂಡಾಮೃಗ’ ನಾಟಕ ಪ್ರದರ್ಶಿತವಾಯಿತು. ಒಂದು ಊರಿನ ಜನರೆಲ್ಲ ಒಬ್ಬೊಬ್ಬರಾಗಿ ಘೇಂಡಾಮೃಗಗಳಾಗುತ್ತ ಹೋಗುವ, ಬೆರಾಂಜೆ ಎಂಬ ಸಾಮಾನ್ಯನೊಬ್ಬ ಮಾತ್ರ ಮನುಷ್ಯನಾಗಿ ಉಳಿಯುವ ಕಥೆಯದು. ಬುಖಾರೆಸ್ಟ್‌ನಲ್ಲಿ ಗೆಳೆಯರ ಮಾತು ಬದಲಾದುದನ್ನು ಕಂಡ ಭಯ ಇಪ್ಪತ್ತು ವರ್ಷಗಳ ಬಳಿಕ ಹೀಗೆ ರೂಪ ಪಡೆಯಿತು. 1960ರಲ್ಲಿ ಪ್ಯಾರಿಸ್‌ನಲ್ಲಿ ಝಾ ಲೂಯಿ ಬಾರೊ, ಲಂಡನ್‌ನಲ್ಲಿ ಲಾರೆನ್ಸ್ ಒಲಿವಿಯರ್ ಆ ಪಾತ್ರವನ್ನು ಆಡಿದರು. ವಿಮರ್ಶಕ ಮಾರ್ಟಿನ್ ಎಸ್ಲಿನ್ ಅವರು 1961ರಲ್ಲಿ ಅಸಂಗತ ರಂಗಭೂಮಿಯನ್ನು ಕುರಿತು ಬರೆದ ಗ್ರಂಥದಿಂದ ಈ ಬಗೆಯ ನಾಟಕಗಳಿಗೆ ಆ ಹೆಸರು ನಿಂತಿತು. ಇಯೊನೆಸ್ಕೊ ಅವರಿಗೆ ಆ ಹೆಸರು ಅಷ್ಟಾಗಿ ಹಿಡಿಸಲಿಲ್ಲ.

1970ರಲ್ಲಿ ಅವರು ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. ಫ್ರೆಂಚ್ ಭಾಷೆಯ ನಿಘಂಟನ್ನು ಪರಿಷ್ಕರಿಸುವ ಹೊಣೆ ಹೊತ್ತ ಆ ಸಂಸ್ಥೆಯ ನಲವತ್ತು ಪೀಠಗಳಲ್ಲಿ ಒಂದನ್ನು, ಪದಗಳನ್ನು ಚೂರುಚೂರು ಮಾಡಿದ ವಲಸಿಗ ನಾಟಕಕಾರರು ಅಲಂಕರಿಸಿದರು. 1994ರ ಮಾರ್ಚ್ 28ರಂದು ಪ್ಯಾರಿಸ್‌ನಲ್ಲಿ ನಿಧನರಾದರು. ಅಲ್ಲಿಯ ಮೊಂಪಾರ್ನಾಸ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ನಮ್ಮ ಶಾಲೆಗಳಿಗೆ ಇದರಿಂದೇನು?

ಕನ್ನಡಕ್ಕೂ ಈ ಬಗೆಯ ನಾಟಕ ಹೊಸದಲ್ಲ. ನವ್ಯದ ಕಾಲದಲ್ಲಿ ಅಸಂಗತ ನಾಟಕವೆಂಬ ಹೆಸರಿನಲ್ಲಿ ಅದು ನಮ್ಮಲ್ಲಿ ಬೆಳೆಯಿತು. ಚಂದ್ರಶೇಖರ ಪಾಟೀಲರ ‘ಕೊಡೆಗಳು’ ಅಂಥದೊಂದು ನಾಟಕ. ದೊಡ್ಡ ರಂಗಸಜ್ಜಿಕೆ, ವೇಷಭೂಷಣ, ಧ್ವನಿವರ್ಧಕಗಳ ಹಂಗಿಲ್ಲದೆ ಆಡಬಹುದಾದ ಪ್ರಕಾರವಿದು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ನಮ್ಮ ಕನ್ನಡ ಮಾಧ್ಯಮ ಶಾಲೆಗಳಿಗೆ ಆರು ಪಾತ್ರಗಳ, ಒಂದೇ ಕೋಣೆಯ ನಾಟಕ ಭಾರವಾಗದು.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಇಯೊನೆಸ್ಕೊ ಅವರನ್ನು ಕಾಡಿದ್ದು ಅರ್ಥ ಬಿಟ್ಟುಹೋದ ಮೇಲೂ ಬಾಯಲ್ಲಿ ಉಳಿಯುವ ವಾಕ್ಯಗಳು. ಗಡಿನಾಡಿನಲ್ಲಿ ನಾವು ಕನ್ನಡದ ಬಗ್ಗೆ ಬಹಳ ಮಾತನಾಡುತ್ತೇವೆ. ನವೆಂಬರಿನಲ್ಲಿ ಭಾಷಣ ಒಪ್ಪಿಸುವ ಮಗುವಿಗೆ ಆ ಭಾಷಣದ ಎಷ್ಟು ವಾಕ್ಯಗಳು ತನ್ನವು? ತನ್ನ ಹಲ್ಲುನೋವನ್ನು, ತನ್ನ ಸಂತೋಷವನ್ನು ಅದು ಕನ್ನಡದಲ್ಲಿ ಹೇಳಿಕೊಳ್ಳುತ್ತದೆಯೇ? ಪರೀಕ್ಷೆಗೂ ವೇದಿಕೆಗೂ ಮಾತ್ರ ಬೇಕಾಗುವ ನುಡಿ ಸ್ವಯಂಬೋಧಿನಿಯ ನುಡಿಯಾಗಿಬಿಡುತ್ತದೆ. ಶಾಲೆಯ ಅನುಮತಿಗಾಗಿ, ಕನ್ನಡ ಬಲ್ಲ ಅಧ್ಯಾಪಕರ ನೇಮಕಾತಿಗಾಗಿ ನಾವು ಸರಕಾರದ ಬಾಗಿಲು ಬಡಿಯುವುದು ನಿಲ್ಲಬಾರದು. ಜೊತೆಗೆ, ಮಕ್ಕಳು ಕನ್ನಡದಲ್ಲಿ ಜಗಳವಾಡುವ, ಗೇಲಿ ಮಾಡುವ, ಪದಗಳನ್ನು ತಿರುಚಿ ಆಡುವ ಅವಕಾಶವನ್ನೂ ಒದಗಿಸಬೇಕು. ನಾಟಕದ ಅಭ್ಯಾಸ ಅಂಥ ಅವಕಾಶ.

ಈ ವರ್ಷದ ವಾರ್ಷಿಕೋತ್ಸವಕ್ಕೆ ಪ್ರತಿಯೊಂದು ಶಾಲೆಯೂ ಇದನ್ನು ಪ್ರಯತ್ನಿಸಬಹುದು. ಪಠ್ಯಪುಸ್ತಕದ ಯಾವುದಾದರೂ ಪಾಠದ ಸಂಭಾಷಣೆಯನ್ನು ಮಕ್ಕಳ ಕೈಗೆ ಕೊಟ್ಟು, ಅದನ್ನು ತಮಗೆ ಬೇಕಾದಂತೆ ಬದಲಿಸಲು ಬಿಡಿ. ಮನೆಯಲ್ಲಿ ಆಡುವ ತುಳು, ಮರಾಠಿ, ಮಲಯಾಳ, ತಮಿಳು, ತೆಲುಗು ಮಾತುಗಳು ನಡುವೆ ನುಸುಳಿದರೆ ಗದರಬೇಡಿ. ನಗಿಸಲು ಪ್ರಯತ್ನಿಸದೆ ನಂಬಿ ಆಡಿ ಎಂಬ ಬತಾಯ್ ತಂಡದ ಪಾಠವನ್ನು ಮಾತ್ರ ಹೇಳಿಕೊಡಿ. ನೋಡಲು ಇಪ್ಪತ್ತೇ ಮಂದಿ ಹೆತ್ತವರು ಬಂದರೂ ನಾಟಕ ನಡೆಯಲಿ. 1950ರ ಮೇ ತಿಂಗಳಿನಲ್ಲಿ ಆ ಪುಟ್ಟ ತಂಡದ ಎದುರು ಕೆಲವು ಸಂಜೆ ಅಷ್ಟು ಮಂದಿಯೂ ಇರಲಿಲ್ಲ.